ರುಮಾಲಿನೊಳಗಿನ ಕಿವಿ

ತಮಗೆ ಕಿವಿ ಕೇಳಿಸುವುದಿಲ್ಲ ಎಂಬುದು ರಾವೂರಿನಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ ಎಂದು ಮಠದ ಗುರುಲಿಂಗಯ್ಯನವರು ಗಟ್ಟಿಯಾಗಿ ನಂಬಿದ್ದರು. ಗೊತ್ತಾಗದಿರಲೆಂದು ಅವರು ಪಟ್ಟ ಪಾಡು ಆ ಶಿವನಿಗೇ ಪ್ರೀತಿ! ಬೆಳಗ್ಗೆ ಎದ್ದು ಜಗಲಿಯ ಮೇಲೆ ಕೂಡುವಾಗ ಬೆಳಕಿಗೆ ಬೆನ್ನು ಕೊಟ್ಟೇ ಕೂಡುತ್ತಿದ್ದರು. ಎದುರಿಗೆ ಬಂದವರ ಮುಖದ ಮೇಲೆ ಬಿಸಿಲು ಬಿದ್ದರೆ ತುಟಿ ಆಡುವುದು ಚೆನ್ನಾಗಿ ಕಾಣುತ್ತದಲ್ಲ, ಅದಕ್ಕೆ. ಬಂದವರು ಬಾಯಿ ತೆರೆಯುವ ಮೊದಲೇ ತಾವೇ ಮಾತು ಶುರು ಮಾಡಿ, ಮಳೆ, ಬೆಳೆ, ಮಗಳ ಬಾಣಂತನ ಎಲ್ಲ ವಿಚಾರಿಸಿ, ಉತ್ತರಕ್ಕೆ ಕಾಯದೆ “ಶಿವಾ ದೊಡ್ಡಾವ ಇದ್ದಾನ, ಹೋಗಿ ಬಾ” ಎಂದು ವಿಭೂತಿ ಹಚ್ಚಿ ಕಳಿಸಿಬಿಡುತ್ತಿದ್ದರು.

ಅಷ್ಟರಲ್ಲಿ ಮುಗಿಯದ ಮಾತುಗಳಿಗೆ ಹೆಂಡತಿ ಲಲಿತಾಬಾಯಿ ಇದ್ದರು. ಅವರು ಹೊಸ್ತಿಲ ಹತ್ತಿರ ಅಕ್ಕಿ ಆರಿಸುತ್ತ ಕೂಡುವರು. ಸೆರಗು ಮುಂದೆ ಎಳೆದುಕೊಂಡರೆ “ಹೌದು ಅನ್ನಿ” ಎಂದರ್ಥ. ಮೂಗುತಿ ಮುಟ್ಟಿಕೊಂಡರೆ “ಬ್ಯಾಡ ಅನ್ನಿ.” ಕೈ ಒರೆಸಿಕೊಂಡರೆ “ಸುಮ್ಮನ ನಕ್ಕು ಬಿಡ್ರಿ.” ಗಂಡ ಹೆಂಡತಿ ಇಬ್ಬರೇ ಕೂಡಿ ಕಟ್ಟಿಕೊಂಡ ಭಾಷೆ ಅದು. ಒಮ್ಮೆ ಮಾತ್ರ ಎಡವಟ್ಟಾಯಿತು. ಯಾರೋ ಮೊಮ್ಮಗನಿಗೆ ಹೆಸರಿಡಲು ಕರೆಯಲು ಬಂದಾಗ ಲಲಿತಾಬಾಯಿಯವರಿಗೆ ಅಕ್ಕಿಯ ದೂಳಿಗೆ ಮೂಗು ತುರಿಸಿತು. ಅಯ್ಯನವರು “ಆಗಂಗಿಲ್ಲ, ಆಗಂಗಿಲ್ಲ” ಎಂದು ತಲೆ ಅಲ್ಲಾಡಿಸಿದರು. ಆ ಮನೆಯವರು ಕೂಸಿನ ಜಾತಕದಲ್ಲಿ ಏನು ಕೇಡಿದೆಯೋ ಎಂದು ಅಳುತ್ತ ಹೋದರು. ಮಧ್ಯಾಹ್ನ ಲಲಿತಾಬಾಯಿಯೇ ಓಡಿ ಹೋಗಿ ಸಮಾಧಾನ ಮಾಡಿ ಬರಬೇಕಾಯಿತು.

ನಿಜಾಮರ ಕಾಲದಲ್ಲೇ ಅಯ್ಯನವರ ಎಡಗಿವಿ ಮಂದವಾಗಿತ್ತು. ಪೊಲೀಸ್ ಆ್ಯಕ್ಷನ್ ಆಗಿ, ಹಳೆಯ ಸಿಕ್ಕಾ ಹೋಗಿ ಹೊಸ ನಾಣ್ಯ ಬರುವ ಹೊತ್ತಿಗೆ ಬಲಗಿವಿಯೂ ಅದರ ಹಿಂದೆಯೇ ಹೋಯಿತು. ಹೀಗಾಗಿ ಹೊಸ ಸರ್ಕಾರ ಏನು ಹೇಳುತ್ತಿದೆ ಎಂಬುದು ಅವರಿಗೆ ಸರಿಯಾಗಿ ಕೇಳಿಸಲೇ ಇಲ್ಲ. ಊರ ಹೊರಗಿನ ಪರಸಿ ಕಲ್ಲಿನ ಗಣಿಯಲ್ಲಿ ಮದ್ದಿಟ್ಟು ಸುರಂಗ ಹಾರಿಸಿದರೆ ಮೊದಲು ಊರೇ ಬೆಚ್ಚುತ್ತಿತ್ತು. ಈಗ ಅವರಿಗೆ ಕೂತ ಕಲ್ಲು ಕುಂಡಿಯ ಕೆಳಗೆ ಒಮ್ಮೆ ನಡುಗಿದ್ದಷ್ಟೇ ಗೊತ್ತಾಗುತ್ತಿತ್ತು. ಕಿವುಡ ಎಂಬ ಮಾತು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ನಾಲ್ಕು ಜನರ ದುಃಖ ಕೇಳಬೇಕಾದ ಅಯ್ಯನಿಗೇ ಕಿವಿ ಇಲ್ಲ ಅಂದರೆ ಮಠಕ್ಕೆ ಯಾರು ಬಂದಾರು?

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ನಡೆಯದೆ ನಿಂತದ್ದು ಒಂದೇ ಒಂದು: ದೀಕ್ಷೆ.

ದೀಕ್ಷೆಯಲ್ಲಿ ಗುರು ಶಿಷ್ಯನ ಕಿವಿಯಲ್ಲಿ ಮಂತ್ರ ಹೇಳುತ್ತಾನೆ. ಅದು ಎಲ್ಲ ಕಡೆಯೂ ಇದ್ದದ್ದೇ. ಆದರೆ ರಾವೂರಿನ ಮಠದಲ್ಲಿ ಅಪ್ಪ, ಅಜ್ಜ, ಮುತ್ತಜ್ಜಂದಿರಿಂದ ಇನ್ನೊಂದು ಪದ್ಧತಿ ಇತ್ತು. ಕೇಳಿಸಿಕೊಂಡವರು ಅದನ್ನು ತಿರುಗಿ ಗುರುವಿನ ಬಲಗಿವಿಯಲ್ಲಿ ಪಿಸುಗುಟ್ಟಬೇಕು. ಗುರು ಕೇಳಿ, ಸರಿಯಾಗಿದೆ ಎಂದು ಮನಸ್ಸಿಗೆ ಬಂದ ಮೇಲೆಯೇ ತಲೆಯ ಮೇಲೆ ಕೈ ಇಡಬೇಕು. “ನೀ ಕೇಳಿದ ಮ್ಯಾಲೇ ಮುಗೀತು ಅನ್ನು, ಅದರಕಿಂತ ಮೊದಲ ಅನಬ್ಯಾಡ” ಎಂದು ತಂದೆ ಸಾಯುವ ಮುಂಚೆ ಕೈ ಹಿಡಿದು ಹೇಳಿದ್ದರು. ಆ ಪಿಸುಮಾತು ಇಬ್ಬರ ನಡುವಿನದು, ಮೂರನೆಯವರ ಕಿವಿಗೆ ಬೀಳಬಾರದು. ಅಲ್ಲಿ ಲಲಿತಾಬಾಯಿಯವರ ಮೂಗುತಿಯೂ ನಡೆಯುವುದಿಲ್ಲ, ಸೆರಗೂ ನಡೆಯುವುದಿಲ್ಲ.

ಕೊನೆಯ ಸಲ ದೀಕ್ಷೆ ಕೊಟ್ಟಾಗ ಶಿಷ್ಯ ಪಾಪ ಮತ್ತೆ ಮತ್ತೆ ಪಿಸುಗುಟ್ಟಿದ. ಅಯ್ಯನವರಿಗೆ ಕಿವಿಯ ಹತ್ತಿರ ಬಿಸಿ ಉಸಿರು ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಕೊನೆಗೆ ಅವನನ್ನು ಬೆಳಕಿಗೆ ಕರೆದುಕೊಂಡು ಹೋಗಿ ಕಣ್ಣು ಕಿರಿದು ಮಾಡಿ ತುಟಿ ನೋಡಿ ಹೇಗೋ ಮುಗಿಸಿದರು. ಅಂದಿನಿಂದ ಅವರು ದೀಕ್ಷೆ ಕೊಡಲಿಲ್ಲ. ಕೇಳಿದವರಿಗೆಲ್ಲ ಒಂದು ಸಲ ಸೊಂಟ ನೋವು, ಇನ್ನೊಂದು ಸಲ ಮುಹೂರ್ತ ಕೂಡಲಿಲ್ಲ, ಮತ್ತೊಂದು ಸಲ ವ್ರತ. ಜನ ಚಿತ್ತಾಪುರದ ಕಡೆಗೋ ಸೇಡಂ ಕಡೆಗೋ ಬೇರೆ ಅಯ್ಯನವರನ್ನು ಹುಡುಕಿಕೊಂಡು ಹೋದರು. ಅವರು ತಿರುವಿನಲ್ಲಿ ಮರೆಯಾಗುವವರೆಗೂ ಗುರುಲಿಂಗಯ್ಯನವರು ಜಗಲಿಯಿಂದ ನೋಡುತ್ತಿದ್ದರು.

ಹೀಗಿರುವಾಗ ಚಂದಮ್ಮನ ಮದುವೆ ಗೊತ್ತಾಯಿತು.

ಚಂದಮ್ಮ ಪಕ್ಕದ ಮನೆಯ ಅಮೃತಪ್ಪನ ಮಗಳು. ಹುಟ್ಟಿದ ವರ್ಷವೇ ತಾಯಿ ತೀರಿಕೊಂಡದ್ದರಿಂದ ಮಠದ ಪಡಸಾಲೆಯಲ್ಲೇ ಬೆಳೆದವಳು. ಮಕ್ಕಳಿಲ್ಲದ ಅಯ್ಯನವರನ್ನು ಅಜ್ಜನೆಂದೇ ಬಗೆದು ಮುತ್ಯಾ ಎಂದು, ಲಲಿತಾಬಾಯಿಯವರನ್ನು ಆಯಿ ಎಂದು ಕರೆದವಳು ಅವಳೊಬ್ಬಳೇ. ಅಯ್ಯನವರ ನೆನಪಿನಲ್ಲಿ ಅವಳ ದನಿ ಒಂದು ಸಣ್ಣ ಕೂಸಿನ ದನಿ. ಬೆಲ್ಲ ಬೇಕೆಂದು ರಚ್ಚೆ ಹಿಡಿಯುವ ದನಿ. ಆಮೇಲೆ ಅವಳು ಬೆಳೆದಳು, ಇವರ ಕಿವಿ ಹೋಯಿತು. ಮದುವೆಗೆ ಬಂದ ಹುಡುಗಿಯ ದನಿ ಹೇಗಿದೆ ಎಂದು ಕೇಳಿದರೆ ಅವರಿಗೆ ಗೊತ್ತಿರಲಿಲ್ಲ.

ಗಂಡಿನ ಕಡೆಯವರು ಚಿಂಚೋಳಿ ತಾಲೂಕಿನ ಚಿಮ್ಮನಚೋಡದವರು, ಕಟ್ಟುನಿಟ್ಟಿನ ಮಂದಿ. ಹುಡುಗನ ದೊಡ್ಡಪ್ಪ ಅಂಬರಾಯ ಮಾತು ಮುಗಿಸುವಾಗ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ: ಸೊಸೆ ಹೊಸ್ತಿಲು ತುಳಿಯುವ ಮೊದಲು ದೀಕ್ಷೆ ಆಗಿರಬೇಕು, ತವರಿನ ಮಠದ ಅಯ್ಯನವರು ಕೊಡದಿದ್ದರೆ ನಮ್ಮ ಅಯ್ಯನವರನ್ನೇ ಕರೆಸುತ್ತೇವೆ. ಅಮೃತಪ್ಪ ಮಠಕ್ಕೆ ಬಂದು ಕೈ ಮುಗಿದು ವಿಷಯ ಒದರಿ ಒದರಿ ಹೇಳಿದ. ಲಲಿತಾಬಾಯಿ ಸೆರಗು ಎಳೆದುಕೊಂಡರು. ಒಂದು ಸಲವಲ್ಲ, ಸೆರಗು ಹರಿದು ಹೋಗುವ ಹಾಗೆ ಎಳೆದುಕೊಂಡರು. ಅಯ್ಯನವರಿಗೆ ವಿಷಯವೂ ತಿಳಿಯಿತು, ಸೆರಗೂ ಕಂಡಿತು. ಆದರೂ ನೆಲ ನೋಡುತ್ತ “ನನಗ ಸೊಂಟ ಹಿಡಿದದ ಅಮೃತಪ್ಪ, ನೋಡೋಣಂತ” ಎಂದರು. ಅಮೃತಪ್ಪ ಎದ್ದು ಹೋದ.

ಆ ದಿನ ಲಲಿತಾಬಾಯಿ ಗಂಡನ ಮುಂದೆ ಕೂತು, ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಬಿಡಿಸಿ ಬೈದರು. “ನೀವು ಹಡೀಲಿಲ್ಲ, ನಾ ಹಡೀಲಿಲ್ಲ. ಇದ್ದ ಒಂದು ಕೂಸು ಅದ. ಆಕೀಗೂ ಸೊಂಟ ನೋವು ಅಂತೀರೇನು?”

“ಕೇಳಸಲಾರದೆ ಕೇಳಸ್ತು ಅಂತ ತಲಿ ಮ್ಯಾಲ ಕೈ ಇಡ್ಲೇನು? ಆ ಕೂಸಿಗೆ ಮೋಸ ಮಾಡ್ಲೇನು?” ಎಂದರು ಅಯ್ಯನವರು. ಅವರ ದನಿ ಎಷ್ಟು ಜೋರಿತ್ತೆಂದರೆ ಹಿತ್ತಲಲ್ಲಿ ಕಟ್ಟಿದ್ದ ಎಮ್ಮೆ ತಿರುಗಿ ನೋಡಿತು.

ಗಂಡಸರಿಗೆ ಗುಟ್ಟು ಕಾಯುವುದೇ ದೊಡ್ಡ ಕೆಲಸ. ಹೆಂಗಸರಿಗೆ ಅದನ್ನು ಯಾರಿಗೆ ಹೇಳಬೇಕು ಎಂಬುದು ಗೊತ್ತಿರುತ್ತದೆ. ಲಲಿತಾಬಾಯಿ ಓಣಿ ದಾಟಿ ನಜಮುನ್ನೀಸಾಳ ಮನೆಗೆ ಹೋದರು. ಇಬ್ಬರೂ ಸೊಸೆಯರಾಗಿ ಬಂದ ಕಾಲದಿಂದ ಹುಣಸೆಹಣ್ಣು ಕೂಡಿಯೇ ಬಿಡಿಸಿದವರು. ನಜಮುನ್ನೀಸಾಳ ಮಗ ಲಾಲ್ ಅಹ್ಮದ್ ಶಹಾಬಾದಿನ ಬಜಾರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ತಾಯಿ ಹೇಳಿದಳು, ಮಗ ಕೇಳಿಕೊಂಡ. ಮುಂದಿನ ಸಲ ಸಾಮಾನಿಗೆಂದು ಹೈದರಾಬಾದಿಗೆ ಹೋದವನು ಹಳೆಯ ಸಾಮಾನಿನ ಬಜಾರಿನಿಂದ ಒಂದು ಯಂತ್ರ ಹಿಡಿದುಕೊಂಡು ಬಂದ.

ಅಂಗೈ ಅಗಲದ ಒಂದು ಪೆಟ್ಟಿಗೆ. ಮುಖಕ್ಕೆ ಸಣ್ಣ ಜಾಲರಿ, ಪಕ್ಕದಲ್ಲಿ ತಿರುವುವ ಚಕ್ರ, ಒಳಗೆ ಸೆಲ್ಲು. ಪೆಟ್ಟಿಗೆಯಿಂದ ಒಂದು ವೈರು, ವೈರಿನ ತುದಿಗೆ ಕಿವಿಯಲ್ಲಿ ಸಿಗಿಸುವ ಗುಂಡಿ. ಯಾವುದೋ ದೊಡ್ಡ ಮನುಷ್ಯರು ಬಳಸಿ ಬಿಟ್ಟದ್ದಂತೆ. ಲಾಲ್ ಅಹ್ಮದ್ ಅದನ್ನು ತಾನೇ ಬಿಚ್ಚಿ, ಒರೆಸಿ, ಸರಿಮಾಡಿದ್ದ.

“ಈ ಜಾಲರಿ ಮಾತು ಹಿಡೀತದ, ಈ ಗುಂಡಿ ನಿಮ್ಮ ಕಿವ್ಯಾಗ ಹೇಳ್ತದ ಅಯ್ಯನೋರೆ. ಎದಿ ಮ್ಯಾಲ ಹಾಕ್ಕೊಳ್ರಿ. ಸೆಲ್ಲು ಮಾತ್ರ ಜರಾ ಉಳಿಸಿ ಉಳಿಸಿ ಬಳಸ್ರಿ, ಹೈದ್ರಾಬಾದಿನಿಂದ ತರಬೇಕಾಗ್ತದ” ಎಂದು ಅವರ ಕಣ್ಣೆದುರೇ ತುಟಿ ಆಡಿಸಿ, ಕೈ ಮಾಡಿ ತೋರಿಸಿ, ರೈಲು ತಪ್ಪೀತೆಂದು ಲಗುಬಗೆಯಿಂದ ಹೊರಟುಹೋದ.

ಪೆಟ್ಟಿಗೆಗೆ ತೊಗಲಿನ ಚೀಲವಿತ್ತು. ಎದೆಯ ಮೇಲೆ ಲಿಂಗ ಇರುವಲ್ಲಿ ತೊಗಲು ಹೇಗೆ ಇಟ್ಟುಕೊಳ್ಳುವುದು? ಲಲಿತಾಬಾಯಿ ಅದನ್ನು ಕಿತ್ತೆಸೆದು ಹಳೆಯ ಕಾವಿ ಬಟ್ಟೆಯಲ್ಲಿ ಚೀಲ ಹೊಲಿದರು, ದಾರ ಹಾಕಿದರು. ಅಯ್ಯನವರ ಕೊರಳಲ್ಲಿ ಮೊದಲೇ ಶಿವದಾರ, ಅದರ ತುದಿಗೆ ಇಷ್ಟಲಿಂಗ ಇಟ್ಟ ಬೆಳ್ಳಿಯ ಕರಡಿಗೆ. ಈಗ ಅದರ ಪಕ್ಕಕ್ಕೆ ಈ ಹೊಸ ಚೀಲ. ಮೊದಲ ದಿನವೇ ಒಬ್ಬ ಮುದುಕಿ ಅದಕ್ಕೂ ಕೈ ಮುಗಿದು ಕಣ್ಣಿಗೊತ್ತಿಕೊಂಡು ಹೋದಳು.

ಅಯ್ಯನವರು ಗುಂಡಿಯನ್ನು ಕಿವಿಗೆ ಸಿಗಿಸಿಕೊಂಡು ಚಕ್ರ ತಿರುವಿದರು. ಅಬ್ಬಾ! ಕಿವಿಯೊಳಗೆ ಕಲ್ಲಿನ ಬಂಡಿ ಉರುಳಿದ ಹಾಗೆ ಗುಡುಗುಡು, ಗರಗರ, ಠಣಠಣ. ಒಂದು ಹೆಜ್ಜೆ ಇಟ್ಟರೆ ಹತ್ತು ಬಂಡಿ ಉರುಳಿದವು. ಉಸಿರು ಎಳೆದರೂ ಗರಗರ. ಲಲಿತಾಬಾಯಿ ಎದುರು ನಿಂತು ಬಾಯಿ ಬಾಯಿ ಬಿಡುತ್ತಿದ್ದಾರೆ, ಈ ಗದ್ದಲದಲ್ಲಿ ಒಂದು ಅಕ್ಷರ ಕೇಳಿಸಿದರೆ ಆಣೆ! ಮೊದಲಾದರೂ ಕಿವಿಯಲ್ಲಿ ಏನೂ ಇರಲಿಲ್ಲ, ನೆಮ್ಮದಿ ಇತ್ತು. ಈಗ ಗಣಿಯನ್ನೇ ತಂದು ತಲೆಯೊಳಗೆ ಇಟ್ಟಂತಾಯಿತು. ಮರುದಿನವೂ ಅದೇ ಹಾಡು. “ನನ್ನ ಕಿವಿ ಹೋದದ್ದು ಹೋತು. ಶಿವನ ಮನಸಿನ್ಯಾಗ ಇಲ್ಲ, ಬಿಡು” ಎಂದು ಅಯ್ಯನವರು ಕೈ ಚೆಲ್ಲಿದರು. ಚೆಲ್ಲಿದವರು ಯಂತ್ರವನ್ನು ತೆಗೆದಿಡುವ ವ್ಯವಧಾನವೂ ಇಲ್ಲದೆ, ಹಾಗೇ ಮುಖ ಗಂಟು ಹಾಕಿಕೊಂಡು ಪೂಜೆಗೆ ಕೂತರು.

ಮಣೆಯ ಮೇಲೆ ಕೂತು ಕರಡಿಗೆ ಬಿಚ್ಚಿದರು. ಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡು, ಕರಡಿಗೆಯನ್ನು ತಟ್ಟೆಯಲ್ಲಿಟ್ಟರು. ನೀರೆರೆಯಲು ಗಿಂಡಿ ಎತ್ತಿದರು. ಟಪ್, ಟಪ್ ಎಂದು ಏನೋ ಸಪ್ಪಳ. ಗಿಂಡಿ ನಿಲ್ಲಿಸಿದರು, ಸಪ್ಪಳ ನಿಂತಿತು. ಮತ್ತೆ ಬಗ್ಗಿಸಿದರು. ಟಪ್, ಟಪ್. ನೀರು! ನೀರಿನ ಸಪ್ಪಳ!

ಅವರು ಉಸಿರು ಬಿಗಿಹಿಡಿದು ಕೂತರು. ಅಡುಗೆಮನೆಯಿಂದ ಪಟ ಪಟ ಪಟ ಎಂದು ರೊಟ್ಟಿ ಬಡಿಯುವ ಸದ್ದು ಬಂತು. ಎಷ್ಟು ವರ್ಷವಾಗಿತ್ತು! ಜೋಳದ ರೊಟ್ಟಿಗೆ ಸದ್ದಿದೆ ಎಂಬುದನ್ನೇ ಅವರು ಮರೆತುಬಿಟ್ಟಿದ್ದರು. ಅದರ ನಡುವೆ ಲಲಿತಾಬಾಯಿಯವರ ಗೊಣಗಾಟ: “ಒಲಿ ಹತ್ತವಲ್ದು, ಇದರ ಬಾಯಾಗ ಮಣ್ಣು ಹಾಕ.” ಹೆಂಡತಿಯ ಬೈಗುಳ ಕೇಳಿ ಕಣ್ಣೀರು ಸುರಿಸಿದ ಗಂಡಸು ರಾವೂರಿನಲ್ಲಿ ಅವರೊಬ್ಬರೇ ಇರಬೇಕು.

“ಲಲಿತಾ!” ಎಂದು ಕೂಗಿದರು. ಅವರು ಹಿಟ್ಟಿನ ಕೈಯಲ್ಲೇ ಓಡಿ ಬಂದರು. “ಏನ್ರಿ, ಯಾಕ ಅಳಾಕತ್ತೀರಿ? ಏನಾತ್ರಿ?”

“ಒಲಿ ಹತ್ತವಲ್ದೇನು?” ಎಂದರು ಅಯ್ಯನವರು.

ಲಲಿತಾಬಾಯಿ ಅಲ್ಲೇ ಎದುರಿಗೆ ಕೂತರು. ಗಂಡ ಹೆಂಡತಿ ಇಬ್ಬರೂ ಎಷ್ಟೋ ಹೊತ್ತು ಮಾತಾಡಿದರು. ರೊಟ್ಟಿ ಸೀದು ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಕೊನೆಗೆ ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡದ್ದೇ ತಡ, ಕಿವಿಯಲ್ಲಿ ಮತ್ತೆ ಗುಡುಗುಡು, ಗರಗರ. ಅಯ್ಯನವರು ಹೆಂಡತಿಯ ಮುಖ ನೋಡಿದರು. ಇಬ್ಬರಿಗೂ ಒಂದೇ ವಿಚಾರ ಹೊಳೆಯಿತು. ಲಿಂಗ ಅಂಗೈಗೆ ಬಂದರೆ ಕಿವಿ ಬರುತ್ತದೆ, ಲಿಂಗ ಕರಡಿಗೆಗೆ ಹೋದರೆ ಕಿವಿ ಹೋಗುತ್ತದೆ. ಇದು ಯಂತ್ರದ ಕೆಲಸವಲ್ಲ, ಶಿವನ ಕೆಲಸ! ಸಂಜೆ ಪೂಜೆಯಲ್ಲೂ ನೋಡಿದರು, ಹಾಗೇ ಆಯಿತು. ಇನ್ನು ಅನುಮಾನವೇ ಉಳಿಯಲಿಲ್ಲ.

ಅಂದಿನಿಂದ ಅಯ್ಯನವರ ಪೂಜೆ ಬೆಳೆಯಿತು ನೋಡಿ. ಬೆಳಗ್ಗೆ ಕೂತರೆ ಬಿಸಿಲು ನೆತ್ತಿಗೆ ಬಂದರೂ ಏಳುತ್ತಿರಲಿಲ್ಲ. ಅಂಗೈಯಲ್ಲಿ ಲಿಂಗ, ಕಣ್ಣು ಮುಚ್ಚಿದೆ, ತುಟಿಯಲ್ಲಿ ಸಣ್ಣ ನಗೆ. ಊರವರು ಬಾಗಿಲಲ್ಲಿ ಇಣುಕಿ “ಏನ್ ಭಕ್ತಿರಿ, ಏನ್ ಭಕ್ತಿ!” ಎಂದು ಕೆನ್ನೆ ಬಡಿದುಕೊಂಡರು. ಒಳಗೆ ಆ ಭಕ್ತ ಅಯ್ಯನವರು ಗುಬ್ಬಿಯ ಚಿಲಿಪಿಲಿ ಕೇಳುತ್ತಿದ್ದರು, ಬಾವಿಯ ಗಾಲಿಯ ಕಿರ್ರ್ ಕೇಳುತ್ತಿದ್ದರು, ಓಣಿಯ ಹೆಂಗಸರ ಜಗಳ ಕೇಳುತ್ತಿದ್ದರು. ಪೂಜೆಯ ಹೆಸರಿನಲ್ಲಿ ಚಾಡಿ ಕೇಳುತ್ತಿದ್ದೇನಲ್ಲ ಎಂದು ಒಮ್ಮೊಮ್ಮೆ ಅಳುಕುತ್ತಿತ್ತು, ಆದರೆ ಜಗಳ ಅರ್ಧಕ್ಕೆ ಬಿಟ್ಟು ಏಳಲು ಮನಸ್ಸು ಬರುತ್ತಿರಲಿಲ್ಲ.

ಹೀಗೆ ಕೂತಿದ್ದಾಗ ಒಂದು ದಿನ ಅಮೃತಪ್ಪ ಬಂದ. ಅಯ್ಯನವರು ಕಣ್ಣು ಮುಚ್ಚಿದ್ದು ನೋಡಿ ಪಡಸಾಲೆಯಲ್ಲಿ ಕೂತು ಲಲಿತಾಬಾಯಿಯವರ ಹತ್ತಿರ ದೀಕ್ಷೆಯ ಮಾತು ತೆಗೆದ. ಈಗ ಅಯ್ಯನವರಿಗೆ ಎಲ್ಲ ಕೇಳಿಸುತ್ತದೆ ಎಂದು ಅವನಿಗೇನು ಗೊತ್ತು? ಲಲಿತಾಬಾಯಿ ಗಾಬರಿಯಾಗಿ, ಇವರ ಎದುರು ಆ ಮಾತು ಬೇಡ ಎಂದು ರೂಢಿಯ ಬಲದಿಂದ ಮೂಗುತಿ ಮುಟ್ಟಿಕೊಂಡರು.

“ಮೂಗುತಿ ಯಾಕ ಮುಟ್ಟಾಕತ್ತೀರಿ ಅಮ್ಮನೋರೆ? ಅಯ್ಯನೋರು ಕಣ್ಣು ಮುಚ್ಚ್ಯಾರ, ಅವರಿಗೆ ಕಾಣಸಂಗಿಲ್ಲ” ಎಂದ ಅಮೃತಪ್ಪ.

ಲಲಿತಾಬಾಯಿ ತಟ್ಟನೆ ಮೂಗಿನಿಂದ ಕೈ ತೆಗೆದರು. “ನಿನಗ ಹ್ಯಾಂಗ ಗೊತ್ತು?”

“ಊರಿಗೆಲ್ಲ ಗೊತ್ತದರಿ. ಸೆರಗು ಎಳದ್ರ ಹೌದು, ಮೂಗುತಿ ಮುಟ್ಟಿದ್ರ ಬ್ಯಾಡ. ನಾವೂ ಮೊದಲ ನಿಮ್ಮ ಮೂಗಿನ ಕಡೀಗೇ ನೋಡ್ತೀವಿ, ಆಮ್ಯಾಲ ಅವರ ಮಾರಿ ನೋಡ್ತೀವಿ. ನಮ್ಮ ಅಯ್ಯನೋರಿಗೆ ಕೇಳಸಂಗಿಲ್ಲಂತ ಯಾರಿಗೆ ಗೊತ್ತಿಲ್ಲ ಹೇಳ್ರಿ? ಅವರ ಮನಸಿಗೆ ನೋವಾದೀತು ಅಂತ ಯಾರೂ ಆಡಿ ತೋರಸಂಗಿಲ್ಲ, ಅಷ್ಟೇ.” ಅಮೃತಪ್ಪ ದನಿ ತಗ್ಗಿಸಿದ. “ಆದ್ರ ಈಗ ನನ್ನ ಮಗಳು ಪರೇಶಾನ್ ಮಾಡ್ಯಾಳ. ಸೇಡಂಕ ಸ್ವಾದರಮಾವನ ಮನೀಗೆ ಮದವೀ ಮುಂಚಿನ ಊಟಕ್ಕ ಹೋಗ್ಯಾಳಲ್ಲ, ಅಲ್ಲಿಂದ ಹೇಳಿ ಕಳಿಸ್ಯಾಳ. ಮುತ್ಯಾ ಕೊಟ್ರ ದೀಕ್ಷಾ, ಇಲ್ಲಂದ್ರ ದೀಕ್ಷಾನೂ ಬ್ಯಾಡ, ಮದವೀನೂ ಬ್ಯಾಡ ಅಂತ. ಚಿಮ್ಮನಚೋಡದವರಿಗೆ ನಾ ಏನಂತ ಹೇಳ್ಲಿ?”

ಕಣ್ಣು ಮುಚ್ಚಿಕೊಂಡಿದ್ದ ಗುರುಲಿಂಗಯ್ಯನವರಿಗೆ ಮೊದಲು ನಾಚಿಕೆಯಾಯಿತು. ಇಷ್ಟು ವರ್ಷ ತಾವು ಊರಿಗೆ ನಾಟಕ ತೋರಿಸುತ್ತಿದ್ದೇವೆ ಎಂದುಕೊಂಡಿದ್ದರೆ, ಊರೇ ಕೂಡಿ ಇವರಿಗೆ ತೋರಿಸಿತ್ತು! ಆಮೇಲೆ ಎದೆಯ ಮೇಲಿನ ದೊಡ್ಡ ಪರಸಿಯೊಂದನ್ನು ಯಾರೋ ಎತ್ತಿ ಬದಿಗಿಟ್ಟ ಹಾಗಾಯಿತು. ಇನ್ನು ಬೆಳಕಿಗೆ ಬೆನ್ನು ಕೊಡುವುದು ಬೇಡ, ಉತ್ತರಕ್ಕೆ ಕಾಯದೆ ಮಾತಾಡುವುದು ಬೇಡ. ಅವರು ಕಣ್ಣು ತೆರೆದು ನಿಧಾನವಾಗಿ ಹೇಳಿದರು: “ಅಮೃತಪ್ಪ, ಬರೋ ಸೋಮವಾರ ದೀಕ್ಷಾ ಇಟಗೋ. ಆ ಮಂದೀಗೂ ಹೇಳಿ ಕಳಸು.”

ಅಮೃತಪ್ಪ ಕೂತಲ್ಲಿಂದ ಹಾರಿ ಬಿದ್ದ. ಕಾಲಿಗೆ ಬಿದ್ದನೋ ಹೆದರಿ ಬಿದ್ದನೋ ಹೇಳುವುದು ಕಷ್ಟ.

ಮಾತು ಕೊಟ್ಟಾಯಿತು. ಕೊಟ್ಟ ಮೇಲೆ ಅಯ್ಯನವರು ವಿಚಾರಕ್ಕೆ ಬಿದ್ದರು. ದೀಕ್ಷೆಯ ಹೊತ್ತಿನಲ್ಲಿ ತಮ್ಮ ಲಿಂಗ ಅಂಗೈಯಲ್ಲಿದ್ದರಷ್ಟೇ ಕಿವಿ ಕೇಳಿಸೀತು. ಆದರೆ ಒಂದು ಕೈಯಿಂದ ಹುಡುಗಿಯ ಅಂಗೈ ಹಿಡಿಯಬೇಕು, ಇನ್ನೊಂದರಿಂದ ವಿಭೂತಿ ಹಚ್ಚಬೇಕು. ಮೂರನೆಯ ಕೈ ಎಲ್ಲಿಂದ ತರುವುದು? ಕೊನೆಗೆ ಯಂತ್ರ ಕೊಟ್ಟವನನ್ನೇ ಕೇಳೋಣವೆಂದು ವಾಡಿಗೆ ಹೋಗಿ ರೈಲು ಹತ್ತಿ ಶಹಾಬಾದಿಗೆ ಹೊರಟರು. ರೈಲಿನಲ್ಲಿ ಚಕ್ರ ತಿರುವುವ ಗೋಜಿಗೆ ಹೋಗಲಿಲ್ಲ, ಮೊದಲೇ ತಲೆ ಸಿಡಿಯುತ್ತಿತ್ತು.

ಲಾಲ್ ಅಹ್ಮದನ ಅಂಗಡಿಯ ತುಂಬ ಬಿಚ್ಚಿದ ರೇಡಿಯೋಗಳು. ಅವನು ಸ್ಟೂಲು ಒರೆಸಿ “ಬರ್ರಿ ಅಯ್ಯನೋರೆ, ಕುಂದ್ರಿ” ಎಂದು ಕೂರಿಸಿದ. ಅಯ್ಯನವರು ಎಲ್ಲ ಹೇಳಿದರು. ಲಿಂಗ ಅಂಗೈಗೆ ಬಂದರೆ ಕಿವಿ ಬರುವುದು, ಕರಡಿಗೆಗೆ ಹೋದರೆ ಕಿವಿ ಹೋಗುವುದು. ಲಾಲ್ ಅಹ್ಮದ್ ಎಲ್ಲಕ್ಕೂ ತಲೆ ಆಡಿಸಿದ. ಹಿರಿಯರು ಇದು ದೇವರ ಕೆಲಸ ಅನ್ನುತ್ತಿದ್ದಾರೆ, ಅಲ್ಲ ಅನ್ನಲು ತಾನು ಯಾರು? ಆದರೆ ಯಂತ್ರ ರಿಪೇರಿಯ ಕೈ ಸುಮ್ಮನಿರುತ್ತದೆಯೇ?

“ಜರಾ ಆ ಗುಂಡಿ ನನ್ನ ಕಿವಿಗೆ ಕೊಡ್ರಿ” ಎಂದು ಕೈ ಮಾಡಿದ. ಪೆಟ್ಟಿಗೆ ಅಯ್ಯನವರ ಎದೆಯ ಮೇಲೆ, ಗುಂಡಿ ಲಾಲ್ ಅಹ್ಮದನ ಕಿವಿಯಲ್ಲಿ. ಇಬ್ಬರೂ ಒಂದೇ ವೈರಿಗೆ ಕಟ್ಟಿದ ಜೋಡಿ ಎತ್ತಿನ ಹಾಗೆ ಹತ್ತಿರ ಹತ್ತಿರ ಸರಿದರು. “ಉಸುರು ಬಿಡ್ರಿ” ಎಂದ. ಅಯ್ಯನವರು ಬಿಟ್ಟರು. ಲಾಲ್ ಅಹ್ಮದ್ ಮುಖ ಕಿವುಚಿದ. ಆಮೇಲೆ ಅವರ ಎದೆಯನ್ನೇ ದಿಟ್ಟಿಸಿ ನೋಡಿದ. ನೋಡುತ್ತ ನೋಡುತ್ತ ನಗು ತಡೆಯಲಾಗದೆ ಮುಖ ಆಚೆ ತಿರುವಿದ.

“ಏನಾತೋ?”

“ಅಯ್ಯನೋರೆ, ನಾ ಅದನ್ನ ಮುಟ್ಟಬಾರದು. ನೀವೇ ಆ ಬೆಳ್ಳಿ ಕರಡಿಗಿ ಜರಾ ಎತ್ತಿ ಈ ಕಡೀಗೆ ಹಿಡೀರಿ.” ದೂರದಿಂದಲೇ ಬೆರಳು ತೋರಿಸಿದ. ಅಯ್ಯನವರು ಎತ್ತಿ ಹಿಡಿದರು. ಲಾಲ್ ಅಹ್ಮದ್ ಗುಂಡಿಯನ್ನು ಅವರ ಕಿವಿಗೆ ಸಿಗಿಸಿ, “ಈಗ ನನ್ನ ಮಾತು ಕೇಳಸ್ತೇನ್ರಿ?” ಎಂದ. ಕನ್ನಡಿಯಷ್ಟು ನಿಚ್ಚಳ! “ಈಗ ಬಿಡ್ರಿ.” ಬಿಟ್ಟರು. ಗುಡುಗುಡು, ಠಣಠಣ.

“ಕರಡಿಗಿ ಬಂದು ಜಾಲರೀಗೆ ಬಡೀತದರಿ. ಉಸುರಾಡಿದ್ರ ಉಜ್ಜತದ, ನಡದ್ರ ಬಡೀತದ. ಸಣ್ಣ ಸಪ್ಪಳ ದೊಡ್ಡದು ಮಾಡೋದೇ ಇದರ ಕೆಲಸ. ಪೂಜಾದಾಗ ನೀವು ಕರಡಿಗಿ ತೆಗೆದಿಡ್ತೀರಿ, ಗದ್ಲ ನಿಂತು ಮಾತು ಕೇಳಸ್ತದ. ಗುನ್ಹೆ ನಂದೇರಿ. ಎದಿ ಮ್ಯಾಲ ಹಾಕ್ಕೊಳ್ರಿ ಅಂದಾವ ನಾನೇ. ನಿಮ್ಮ ಎದಿ ಮ್ಯಾಲ ಮೊದಲೇ ದೇವರು ಕುಂತಾನ ಅನ್ನೋದು ನನಗ ಹೊಳೀಲಿಲ್ಲ.”

ಅಯ್ಯನವರ ಮುಖ ಒಂದು ಗಳಿಗೆ ಸಪ್ಪಗಾಯಿತು. ಊರೆಲ್ಲ ಹೊಗಳಿದ ಭಕ್ತಿ, ಶಿವನ ಪವಾಡ, ಎಲ್ಲ ಒಂದು ಬೆಳ್ಳಿ ಡಬ್ಬಿಯ ತಿಕ್ಕಾಟವಾಗಿ ಹೋಯಿತಲ್ಲ! ಆಮೇಲೆ ಮೂರನೆಯ ಕೈ ಬೇಕಾಗಿಲ್ಲ ಎಂಬುದು ತಲೆಗೆ ಬಂತು. ಅವರ ಹೊಟ್ಟೆಯಿಂದ ನಗು ಎದ್ದಿತು. ಕರಡಿಗೆ ಕುಣಿದು ಕಿವಿಯಲ್ಲಿ ಸಿಡಿಲು ಬಡಿದರೂ ಅವರು ನಗುತ್ತಲೇ ಇದ್ದರು.

ಲಿಂಗವನ್ನಂತೂ ಎದೆಯಿಂದ ಕದಲಿಸುವ ಮಾತಿಲ್ಲ. ಹಾಗಾದರೆ ಪೆಟ್ಟಿಗೆ ಎಲ್ಲಿಡುವುದು? ಲಾಲ್ ಅಹ್ಮದ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮುಡಿಯಲ್ಲಿ ನಿಂತ. ತಲೆಯ ಮೇಲೆ ಒಳ್ಳೆ ದಪ್ಪನೆಯ ರುಮಾಲು. ಅದರ ನೆತ್ತಿಯ ಸುತ್ತಿನಲ್ಲಿ, ಜಾಲರಿ ಮೇಲೆ ಬರುವಂತೆ ಪೆಟ್ಟಿಗೆ ಕೂರಿಸಿ, ವೈರನ್ನು ಮಡಿಕೆಯೊಳಗಿಂದ ಬಲಗಿವಿಗೆ ಇಳಿಸಿದ. “ಚಕ್ಕರ ಅರ್ಧಕ್ಕಿಂತ ಮ್ಯಾಲ ತಿರುವಬ್ಯಾಡ್ರಿ. ಕಿವಿ ಸಮೀಪ ಆತು ನೋಡ್ರಿ, ಜಾಸ್ತಿ ತಿರುವಿದ್ರ ಸೀಟಿ ಹೊಡೀತದ” ಎಂದ. ಅಯ್ಯನವರು ಕುತೂಹಲಕ್ಕೆ ತಿರುವಿಯೇ ನೋಡಿದರು. ತಲೆಯಿಂದ ಕುಂಯ್ ಎಂದು ಸೀಟಿ ಹೊರಟು ಅಂಗಡಿಯ ಮುಂದೆ ಮಲಗಿದ್ದ ನಾಯಿ ಎದ್ದು ಓಡಿತು. ಸೆಲ್ಲಿನ ಜೀವ ಕಡಿಮೆಯಾಗಿದೆ, ಸೋಮವಾರದವರೆಗೆ ಬಂದ್ ಇಡಿ ಎಂದು ಹೇಳಿ ಅವನು ರೈಲು ಹತ್ತಿಸಿದ.

ಸೋಮವಾರದ ಹಿಂದಿನ ದಿನ ಚಂದಮ್ಮ ಸೇಡಂನಿಂದ ಬಂದಳು. ಬಂದವಳೇ ಮಠಕ್ಕೆ ಓಡಿ ಬಂದು ಮುತ್ಯಾನ ಎದುರು ಕೂತು ಏನೇನೋ ಹೇಳಿದಳು, ಕೈ ಆಡಿಸಿದಳು, ನಕ್ಕಳು, ಅತ್ತಳು. ಅಯ್ಯನವರ ಬೆರಳು ಚಕ್ರದ ಕಡೆಗೆ ತಾನೇ ಹೋಗುತ್ತಿತ್ತು. ಒಂದೇ ಒಂದು ಸಲ ತಿರುವಿದರೆ ಈ ಹುಡುಗಿಯ ದನಿ ಕೇಳಬಹುದು. ಆದರೆ ಸೆಲ್ಲು ನಾಳೆ ಕೈ ಕೊಟ್ಟರೆ? ಕೈಯನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡು ಕೂತರು.

ಮರುದಿನ ಬೆಳಗ್ಗೆ ಮಠದ ಪಡಸಾಲೆ ತುಂಬಿತ್ತು. ಚಿಮ್ಮನಚೋಡದಿಂದ ಅಂಬರಾಯ ತನ್ನವರೊಂದಿಗೆ ಬಂದು ಮುಂದೆಯೇ ಕೂತಿದ್ದ. ಚಂದಮ್ಮ ಮಿಂದು, ಮಡಿಯುಟ್ಟು, ಹಣೆತುಂಬ ವಿಭೂತಿ ಧರಿಸಿ ಎದುರು ಕೂತಳು. ಅಯ್ಯನವರು ಚಕ್ರ ತಿರುವಿದರು. ಗುಜುಗುಜು ಕೇಳಿಸಿತು, ಸೆಲ್ಲು ಇನ್ನೂ ಜೀವಂತ ಇತ್ತು. ಹುಡುಗಿಯ ಅಂಗೈ ಹಿಡಿದು, ಲಿಂಗವಿಟ್ಟು, ಅವಳ ಕಿವಿಗೆ ಬಾಯಿ ತಂದು ಮಂತ್ರ ಹೇಳಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕಾದರು.

ಚಂದಮ್ಮ ಪದ್ಧತಿಯಂತೆ ಅವರ ಬಲಗಿವಿಗೆ ಬಾಯಿ ತಂದು ಪಿಸುಗುಟ್ಟಿದಳು.

ಏನೂ ಇಲ್ಲ. ಕಿವಿಯ ಹತ್ತಿರ ಬಿಸಿ ಉಸಿರು, ಅಷ್ಟೇ. ಇಷ್ಟೆಲ್ಲ ಮಾಡಿ ಮತ್ತೆ ಅಲ್ಲಿಗೇ ಬಂದೆವೇ? ಮತ್ತೊ‍ಮ್ಮೆ ಎಂದು ಸನ್ನೆ ಮಾಡಿದರು. ಅವಳು ಮತ್ತೊಮ್ಮೆ ಪಿಸುಗುಟ್ಟಿದಳು. ಇಲ್ಲ. ಚಕ್ರ ಹೆಚ್ಚು ಮಾಡಿದರು. ಕುಂಯ್! ಮಂದಿ ಬೆಚ್ಚಿ ಅತ್ತಿತ್ತ ನೋಡಿದರು. ತಟ್ಟನೆ ಇಳಿಸಿದರು. ಹೊಸ್ತಿಲಲ್ಲಿ ಲಲಿತಾಬಾಯಿ ಕೈ ಹಿಚುಕಿಕೊಳ್ಳುತ್ತ ನಿಂತಿದ್ದರು. ಅವರ ಬಳಿ ಇದಕ್ಕೆ ಸನ್ನೆಯಿಲ್ಲ. ಹೂಂ ಅಂದುಬಿಡು, ಯಾರಿಗೆ ತಿಳಿಯುತ್ತದೆ ಎಂದು ಮನಸ್ಸು ಹೇಳಿತು. ತಂದೆ ಹಿಡಿದ ಕೈ ನೆನಪಾಯಿತು, ಹೂಂ ಅನ್ನಲಿಲ್ಲ.

ಆಗ ಹೊಳೆಯಿತು. ಅಯ್ಯೋ ಹುಚ್ಚಪ್ಪಾ! ಗುಂಡಿ ಸಿಗಿಸಿದ ಕಿವಿಗೆ ಪಿಸುಗುಟ್ಟಿದರೆ ಏನು ಬಂತು? ಕಿವಿ ಈಗ ರುಮಾಲಿನಲ್ಲಿದೆ. ಪಿಸುಮಾತು ಹಿಡಿಯಬೇಕಾದರೆ ಅವಳ ಬಾಯಿ ಅಲ್ಲಿಗೆ ಬರಬೇಕು. ಕೂತ ಹುಡುಗಿಯ ಬಾಯಿ ಗುರುವಿನ ನೆತ್ತಿಗೆ ಬರಬೇಕಾದರೆ ಇರುವುದು ಒಂದೇ ದಾರಿ.

ಗುರುಲಿಂಗಯ್ಯನವರು ಬಗ್ಗಿದರು. ತುಂಬಿದ ಪಡಸಾಲೆಯಲ್ಲಿ, ತಾವು ದೀಕ್ಷೆ ಕೊಡುವ ಹುಡುಗಿಯ ಮುಂದೆ, ಹಣೆ ಅವಳ ಮೊಣಕಾಲಿಗೆ ತಾಕುವಷ್ಟು ತಲೆ ಬಾಗಿಸಿದರು.

“ಇದೇನ್ರಿ ಇದು!” ಅಂಬರಾಯ ಅರ್ಧ ಎದ್ದು ನಿಂತ. “ಗುರು ಆದವರು ಶಿಷ್ಯಳ ಮುಂದ ತಲಿ ಬಾಗಿಸೋದೇನ್ರಿ?”

ಆ ಮಾತು ಅಯ್ಯನವರಿಗೆ ಚೆನ್ನಾಗಿ ಕೇಳಿಸಿತು. ತಲೆ ಎತ್ತಲಿಲ್ಲ. ಬಗ್ಗಿದಲ್ಲಿಂದಲೇ ಹೇಳಿದರು: “ನನ್ನ ಕಿವಿ ಹೋಗ್ಯಾವ ಅಂಬರಾಯ. ಈಗ ನನ್ನ ಕಿವಿ ರುಮಾಲದಾಗ ಅದ. ಕೇಳಬೇಕಂದ್ರ ಬಾಗಬೇಕು. ಕುಂದ್ರು.” ಎಷ್ಟೋ ವರ್ಷ ಮುಚ್ಚಿಟ್ಟ ಮಾತು ಎಷ್ಟು ಸಲೀಸಾಗಿ ಹೊರಗೆ ಬಂತೆಂದು ಅವರಿಗೇ ಆಶ್ಚರ್ಯವಾಯಿತು. ಪಡಸಾಲೆಯಲ್ಲಿ ಯಾರೂ ನಗಲಿಲ್ಲ. ಅಂಬರಾಯ ಸುತ್ತ ನೋಡಿದ, ಕೂತುಕೊಂಡ.

ಚಂದಮ್ಮನಿಗೆ ಅರ್ಥವಾಯಿತು. ರುಮಾಲಿನ ಸುತ್ತಿಗೆ ಬಾಯಿ ತಂದಳು.

ಒಂದೊಂದೇ ಅಕ್ಷರ ಬಂತು. ಬಿಡಿಬಿಡಿಯಾಗಿ, ತಪ್ಪಿಲ್ಲದೆ, ಬಂತು. ಅದು ಬೆಲ್ಲ ಕೇಳುವ ಕೂಸಿನ ದನಿಯಲ್ಲ. ತುಸು ದಪ್ಪನೆಯ, ಬೆಚ್ಚಗಿನ, ದೊಡ್ಡ ಹೆಣ್ಣುಮಗಳ ದನಿ. ಇಷ್ಟು ವರ್ಷ ಕಣ್ಣೆದುರೇ ಓಡಾಡಿದ ಹುಡುಗಿ ಈಗಷ್ಟೇ ಮನೆಯೊಳಗೆ ಬಂದ ಹಾಗೆ ಅಯ್ಯನವರಿಗೆ ಅನ್ನಿಸಿತು. ಮಂತ್ರ ಮುಗಿದ ಮೇಲೆ ಅದೇ ದನಿ ಇನ್ನೂ ಸಣ್ಣದಾಗಿ ಕೇಳಿತು: “ಕೇಳಸ್ತೇನ್ರಿ ಮುತ್ಯಾ?”

“ಕೇಳಸ್ತವ್ವಾ” ಎಂದರು ಅಯ್ಯನವರು. ಪಡಸಾಲೆಯೆಲ್ಲ ಕೇಳುವಷ್ಟು ಜೋರಾಗಿ ಅಂದರು. ತಲೆ ಎತ್ತಿ ಅವಳ ನೆತ್ತಿಯ ಮೇಲೆ ಕೈ ಇಟ್ಟರು. ಲಲಿತಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮುಂದೆ ಕೂತಿದ್ದ ಇಬ್ಬರು ಅದಕ್ಕೇನು ಅರ್ಥವೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಗಿಯಿತೆಂದು ಜನ ಏಳತೊಡಗಿದರು. ಅಯ್ಯನವರು ಮಾತ್ರ ಮತ್ತೆ ತಲೆ ಬಾಗಿಸಿದರು. “ಇನ್ನೊಮ್ಮಿ ಅನ್ನವ್ವ.”

ಅಂಬರಾಯನಿಗೆ ಮತ್ತೆ ಗಾಬರಿ. “ಯಾಕ್ರಿ ಅಯ್ಯನೋರೆ, ಏನರೆ ತಪ್ಪಾತೇನ್ರಿ?”

“ತಪ್ಪಾಗಿಲ್ಲಪಾ, ದೀಕ್ಷಾ ಮುಗೀತು” ಎಂದರು ಗುರುಲಿಂಗಯ್ಯನವರು ತಲೆ ಎತ್ತದೆ. “ನಾಳಿ ಮದವಿ ಆಗಿ ನಿಮ್ಮೂರಿಗೆ ಹೋಗ್ತಾಳ. ಇದು ನನಗ.”